ಬೀಳುವ ವಿದ್ಯೆ

ಕುಸ್ತಿಯ ವಿಚಾರದಲ್ಲಿ ಕನ್ನಡ ಪಂಡಿತನಿಗೇನು ಕೆಲಸವೆಂದು ನೀವು ನಗಬಹುದು. ಪಂಪ ರನ್ನರನ್ನು ಪಾಠ ಹೇಳುವವನು ಮಲ್ಲರ ಸಹವಾಸವನ್ನು ಬಿಟ್ಟಿರಲಾರ. ಭೀಮನಿಲ್ಲದೆ ನಮ್ಮ ಕಾವ್ಯ ನಡೆಯುವುದುಂಟೆ? ಆದರೆ ನಾನು ಹೇಳಹೊರಟಿರುವುದು ಗೆಲ್ಲುವ ವಿಚಾರವಲ್ಲ, ಬೀಳುವ ವಿಚಾರ.

ಜಪಾನಿನಲ್ಲಿ ಜೂಡೋ ಎಂಬ ವಿದ್ಯೆಯುಂಟಷ್ಟೆ. ಕಾನೋ ಜಿಗೊರೊ ಎಂಬವರು, ಅವರೂ ಉಪಾಧ್ಯಾಯರೇ, 1882ರಲ್ಲಿ ಟೋಕಿಯೋದಲ್ಲಿ ಅದರ ಶಾಲೆಯನ್ನು ತೆರೆದರು. ಈ ವಿದ್ಯೆಗೆ ಸೇರಿದ ಹುಡುಗನಿಗೆ ಮೊದಲು ಕಲಿಸುವುದು ಬೀಳುವುದನ್ನು. ಉಕೆಮಿ ಎಂದು ಅದರ ಹೆಸರು. ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು; ತಲೆ ನೆಲಕ್ಕೆ ತಾಕಕೂಡದು; ಪೆಟ್ಟೆಲ್ಲ ಒಂದೇ ಮೂಳೆಯ ಮೇಲೆ ಬೀಳದೆ ಮೈಗೆ ಹಂಚಿಹೋಗುವಂತೆ ತೋಳಿನಿಂದ ಚಾಪೆಯನ್ನು ಬಡಿಯಬೇಕು. ಕೆಡಹುವವನಿಗೂ ಒಂದು ಧರ್ಮವುಂಟು. ಎತ್ತಿ ಹಾಕಿದ ಮೇಲೆ ಜೊತೆಗಾರನ ತೋಳನ್ನು ಬಿಡದೆ ಮೇಲಕ್ಕೆ ಸೆಳೆದು ಹಿಡಿದಿರಬೇಕು. ನಮ್ಮ ಗರಡಿಗಳಲ್ಲಾದರೆ ಈ ಉಪಕಾರದಲ್ಲಿ ಅರ್ಧವನ್ನು ಮಣ್ಣೇ ಮಾಡುತ್ತದೆ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ, ಅಗೆದು ಅಗೆದು ಮೆತ್ತಗೆ ಮಾಡಿರುತ್ತಾರೆ.

ಇನ್ನು ಟಿಕೆಟ್ಟು ಕೊಟ್ಟು ನೋಡುವ ವೃತ್ತಿಕುಸ್ತಿ. ಸುತ್ತ ಹಗ್ಗ, ಕೆಳಗೆ ಹಲಗೆ, ಮೇಲೊಂದು ತೆಳುವಾದ ಹಾಸು. ಯಾರು ಗೆಲ್ಲಬೇಕೆಂಬುದು ಮೊದಲೇ ಮಾತಾಗಿರುತ್ತದೆ. “ಎಲ್ಲ ಬರೀ ಸುಳ್ಳು” ಎಂದು ತಿಳಿದವರು ಮೂಗು ಮುರಿಯುತ್ತಾರೆ. ಬಯಲಾಟದಲ್ಲಿ ದುಶ್ಶಾಸನ ಸಾಯುವುದೂ ಮೊದಲೇ ಗೊತ್ತಿರುವ ಸಂಗತಿ. ಅದನ್ನು ಯಾರೂ ಹೀಗಳೆಯುವುದಿಲ್ಲ. ಸೋಲು ಗೆಲುವು ಕಟ್ಟಿದ್ದಾದರೂ ಆ ಹಲಗೆಯ ಮೇಲೆ ಬೀಳುವ ಬೆನ್ನು ನಿಜವಾದದ್ದು. ಜಪಾನಿನ ವೃತ್ತಿಕುಸ್ತಿಯವರು ಹೊಸಬನಿಗೆ ಬೀಳುವುದನ್ನು ಕಲಿಸುವಾಗ ಉಕೆಮಿ ಎಂಬ ಅದೇ ಮಾತನ್ನು ಬಳಸುತ್ತಾರೆ. ಒಬ್ಬನು ತನ್ನ ಕತ್ತನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ. ಪಡೆದವನು ಅದನ್ನು ಕಾಯಬೇಕು.

ಕಾಯದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಪ್ರಸಂಗವನ್ನು ಕೇಳಿ. ಕಿಮುರ ಮಸಾಹಿಕೊ ಜೂಡೋದಲ್ಲಿ ಎದುರಿಲ್ಲದವನು. 1951ರಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಎಲಿಯೊ ಗ್ರೇಸಿಯನ್ನು ಸೋಲಿಸಿದ ಅವನ ತೋಳಿನ ಪಟ್ಟಿಗೆ ಇಂದಿಗೂ ಕಿಮುರ ಎಂದೇ ಹೆಸರು. ರಿಕಿದೋಜಾನ್ ಎಂಬವನು ಸುಮೋ ಕುಸ್ತಿಯನ್ನು ಬಿಟ್ಟು ಬಂದವನು. ಇಬ್ಬರೂ ವೃತ್ತಿಕುಸ್ತಿಗೆ ಇಳಿದರು. 1954ರ ಫೆಬ್ರವರಿಯಲ್ಲಿ ಜೊತೆಗೂಡಿ ಶಾರ್ಪ್ ಸಹೋದರರೊಡನೆ ಸೆಣಸಿದಾಗ, ಮನೆಯಲ್ಲಿ ಟೆಲಿವಿಷನ್ ಇಲ್ಲದ ಜನ ಬೀದಿಯಲ್ಲಿಟ್ಟ ಪೆಟ್ಟಿಗೆಗಳ ಮುಂದೆ ನೆರೆದರು. ನಮ್ಮಲ್ಲಿ ಹಿಂದೆ ಪುರಸಭೆಯ ಪಾರ್ಕಿನ ರೇಡಿಯೋ ಮುಂದೆ ನೆರೆಯುತ್ತಿದ್ದ ಹಾಗೆ. ಅದೇ ವರ್ಷ ಡಿಸೆಂಬರ್ 22ರಂದು ಈ ಜೊತೆಗಾರರೇ ಎದುರುಬದುರಾದರು. ಪಂದ್ಯ ಸರಿಸಮವಾಗಬೇಕೆಂದು ಮಾತಾಗಿತ್ತೆಂದು ಕಿಮುರ ಆಮೇಲೆ ಹೇಳಿದ. ನಡುವೆ ರಿಕಿದೋಜಾನ್ ನಿಜವಾಗಿಯೇ ಹೊಡೆಯತೊಡಗಿದ. ಕಿಮುರ ರಕ್ತ ಸುರಿಸುತ್ತ ಉರುಳಿದ. ಕಿಮುರನೇ ತೊಡೆಸಂದಿಗೆ ಒದ್ದನೆಂಬುದು ಗೆದ್ದವನ ವಾದ.

ತರಗತಿಯಲ್ಲಿ ಗದಾಯುದ್ಧದ ಪ್ರಸಂಗ ಬಂದಾಗಲೆಲ್ಲ ಒಬ್ಬ ಹುಡುಗನಾದರೂ ಎದ್ದು ನಿಂತು, “ಭೀಮ ತೊಡೆಗೆ ಹೊಡೆದದ್ದು ಸರಿಯೇ, ಮೇಷ್ಟ್ರೇ?” ಎನ್ನುತ್ತಾನೆ. ಭೀಮನ ಪ್ರತಿಜ್ಞೆಯನ್ನೂ ದ್ರೌಪದಿಯ ದುಃಖವನ್ನೂ ಹೇಳುತ್ತೇನೆ. ಆದರೂ ನೇಗಿಲೆತ್ತಿ ನಿಂತ ಬಲರಾಮನನ್ನು ಮರೆಸುವುದಕ್ಕಾಗುವುದಿಲ್ಲ. ಇಬ್ಬರಿಗೂ ಗದೆಯನ್ನು ಕಲಿಸಿದ ಗುರು ಅವನು. ಶಿಷ್ಯರಲ್ಲಿ ಯಾರು ಗೆದ್ದರೆಂಬುದಕ್ಕಿಂತ ವಿದ್ಯೆಗೆ ಆದ ಅಪಚಾರವೇ ಅವನಿಗೆ ದೊಡ್ಡದಾಗಿ ಕಂಡಿತು. ನನ್ನನ್ನು ಕೇಳಿದರೆ ನಾನು ಬಲರಾಮನ ಪಕ್ಷ.

ನೀವೇ ಯೋಚಿಸಿ. ಕ್ಷೌರಿಕನ ಕತ್ತಿಗೆ ಕೊರಳೊಡ್ಡಿ ಕಣ್ಣು ಮುಚ್ಚಿ ಕೂಡುತ್ತೇವೆ. ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ನಿದ್ದೆ ಮಾಡುತ್ತೇವೆ. ಮಗುವನ್ನು ಮೇಲಕ್ಕೆ ಎಸೆದರೆ ಅದು ಕಿಲಕಿಲನೆ ನಗುತ್ತದೆ. ಇವರಾರೂ ಕರಾರುಪತ್ರ ಬರೆದುಕೊಂಡವರಲ್ಲ. ಶಾಲೆಯಲ್ಲಿ ನಾವು ಗೆಲ್ಲುವ ಪಟ್ಟುಗಳನ್ನು ಮಾತ್ರ ಕಲಿಸುತ್ತ ಬಂದಿದ್ದೇವೆ. ಪರೀಕ್ಷೆಯಲ್ಲಿ ಬಿದ್ದ ಹುಡುಗ ಫಲಿತಾಂಶದ ದಿನ ಊರಿನ ಕೆರೆಯ ಕಡೆಗೆ ನಡೆದರೆ ಎದೆ ಧಸಕ್ಕೆನ್ನುತ್ತದೆ. ಗಲ್ಲವನ್ನು ಎದೆಗೊತ್ತಿಕೊಳ್ಳುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಥ ದಿನ ತಂದೆತಾಯಿಗಳು ತೋಳನ್ನು ಬಿಡಬಾರದು.

ರಿಕಿದೋಜಾನ್ 1963ರಲ್ಲಿ, ಚೂರಿಯ ಇರಿತಕ್ಕೆ ಸಿಕ್ಕಿ, ಕೆಲದಿನಗಳಲ್ಲೇ ತೀರಿಕೊಂಡ. ಕಿಮುರ ತಾನು ಓದಿದ ತಾಕುಶೋಕು ವಿಶ್ವವಿದ್ಯಾಲಯಕ್ಕೆ ಹಿಂದಿರುಗಿ ಜೂಡೋ ಗುರುವಾದ. ಒಲಿಂಪಿಕ್ಸಿಗೆ ಜೂಡೋ ಮೊದಲ ಬಾರಿ ಬಂದದ್ದು 1964ರಲ್ಲಿ, ಟೋಕಿಯೋದಲ್ಲೇ. ಅಲ್ಲಿ ಭಾರದ ತರಗತಿಯಲ್ಲಿ ಬೆಳ್ಳಿಯ ಪದಕ ಪಡೆದ ಕೆನಡಾದ ಡಗ್ ರಾಜರ್ಸ್ ಅವನ ಕೈಕೆಳಗೆ ಪಳಗಿದ ಹುಡುಗ.