ಆಡಲು ಬಂದರೆ ಸಾಲದು: ಭಾಷಾ ಬೋಧಕರ ಓದು ಮತ್ತು ಉದ್ಯೋಗ



ನಮ್ಮ ಸಂಘದ ಉಪನ್ಯಾಸ ಮಾಲೆಯ ಇವತ್ತಿನ ವಿಷಯ ಆಧುನಿಕ ಭಾಷೆಗಳನ್ನು ಕಲಿಸುವ ವೃತ್ತಿ. ಫ್ರೆಂಚ್, ಜರ್ಮನ್, ಜಪಾನಿ, ಸ್ಪ್ಯಾನಿಷ್, ಇಂಗ್ಲಿಷ್ ಇವುಗಳ ಸಾಲಿಗೆ ಕನ್ನಡವನ್ನೂ ಸೇರಿಸಿಕೊಂಡೇ ಮಾತಾಡುತ್ತೇನೆ. ಕನ್ನಡ ಬಾರದವರಿಗೆ ಕನ್ನಡ ಕಲಿಸುವುದೂ ಇದೇ ವೃತ್ತಿಯೇ. ನನಗೆ ಹೇಳಬೇಕೆನಿಸಿರುವುದು ಇಷ್ಟೇ: ಭಾಷೆ ಬರುವುದು ಒಂದು ವಿದ್ಯೆ, ಅದನ್ನು ಕಲಿಸುವುದು ಇನ್ನೊಂದು ವಿದ್ಯೆ. ಎರಡನ್ನೂ ಕಲಿತವರಿಗೆ ಕೆಲಸವಿದೆ. ಮೊದಲನೆಯದನ್ನಷ್ಟೇ ಕಲಿತವರು ಗಂಟೆ ಲೆಕ್ಕದ ಸಂಬಳದಲ್ಲೇ ವರ್ಷಗಟ್ಟಲೆ ಉಳಿದುಬಿಡುವ ಅಪಾಯವಿದೆ.

ಇದನ್ನು ಇಲ್ಲೇ ಪರೀಕ್ಷಿಸಬಹುದು. ಪಟ್ನಾದಿಂದ ಬೆಂಗಳೂರಿಗೆ ಬಂದ ಒಬ್ಬರು ನಿಮ್ಮ ಹತ್ತಿರ ಕನ್ನಡ ಕಲಿಯುತ್ತಿದ್ದಾರೆ ಅಂದುಕೊಳ್ಳಿ. ‘ನೋಡು’ ಎಂಬುದು ‘ನೋಡಿದೆ’ ಆಗುತ್ತದೆ ಎಂದು ಕಲಿಸಿದಿರಿ. ಮರುದಿನ ಅವರು ‘ನಾನು ದುಡ್ಡು ಕೊಡಿದೆ’ ಅನ್ನುತ್ತಾರೆ. ‘ಕೊಟ್ಟೆ’ ಅನ್ನಬೇಕು ಎಂದು ತಿದ್ದುತ್ತೀರಿ. ಯಾಕೆ ಎಂದು ಕೇಳಿದರೆ? ಹುಟ್ಟಿದಾಗಿನಿಂದ ಕನ್ನಡ ಆಡಿದ ನಮ್ಮಲ್ಲಿ ಬಹುಪಾಲು ಜನ ‘ಅದು ಹಾಗೇ ಕಣ್ರೀ’ ಎಂದು ಸುಮ್ಮನಾಗುತ್ತೇವೆ. ತರಬೇತಾದ ಬೋಧಕರು ಹಾಗೆ ಸುಮ್ಮನಾಗುವುದಿಲ್ಲ. ಬೋರ್ಡಿನ ಒಂದು ಕಡೆ ನೋಡು, ಮಾಡು, ಹಾಡು, ಓಡು, ಬೇಡು ಎಂದು ಬರೆಯುತ್ತಾರೆ. ಇನ್ನೊಂದು ಕಡೆ ಕೊಡು, ಬಿಡು, ಇಡು, ಸುಡು, ನೆಡು ಎಂದು ಬರೆಯುತ್ತಾರೆ. ಮೊದಲ ಸಾಲು ನೋಡಿದೆ, ಮಾಡಿದೆ, ಹಾಡಿದೆ. ಎರಡನೆಯದು ಕೊಟ್ಟೆ, ಬಿಟ್ಟೆ, ಇಟ್ಟೆ. ಎರಡು ಸಾಲಿಗೂ ಏನು ವ್ಯತ್ಯಾಸ ಎಂದು ಕೇಳಿ ಕಾಯುತ್ತಾರೆ. ಮೊದಲ ಸಾಲಿನ ಪದಗಳೆಲ್ಲ ದೀರ್ಘ ಸ್ವರದವು, ಎರಡನೆಯ ಸಾಲಿನವು ಹ್ರಸ್ವದವು ಎಂದು ಕಲಿಯುವವರೇ ಸ್ವಲ್ಪ ಹೊತ್ತಿನಲ್ಲಿ ಕಂಡುಕೊಳ್ಳುತ್ತಾರೆ. ನಿಯಮ ನಮ್ಮ ನಾಲಿಗೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಹೊರತೆಗೆದು, ಇನ್ನೊಬ್ಬರ ಕಣ್ಣಿಗೆ ಕಾಣುವ ಹಾಗೆ ಜೋಡಿಸಿಡುವುದಕ್ಕೆ ಬೇರೆಯೇ ಓದು ಬೇಕು.

ಆ ಓದಿನಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಭಾಷೆಯ ಮಟ್ಟ. ಯುರೋಪಿನ ಭಾಷೆಗಳಿಗೆ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲುಗಳ ಅಳತೆಗೋಲಿದೆ: ಎ1, ಎ2, ಬಿ1, ಬಿ2, ಸಿ1, ಸಿ2. ಬಿ2 ತಲುಪಿದ ಕೂಡಲೇ ಕಲಿಸಲು ಹೊರಡುವವರು ಬಹಳ. ಆರಂಭದ ತರಗತಿಗೆ ಅದು ಸಾಕೆನಿಸಬಹುದು, ಆದರೆ ವೃತ್ತಿಯಾಗಿ ನಿಲ್ಲಬೇಕಾದರೆ ಗುರಿ ಸಿ1 ಇರಲಿ. ಜಪಾನಿಗೆ ಎನ್5ರಿಂದ ಎನ್1ರವರೆಗೆ ಐದು ಹಂತದ ಪರೀಕ್ಷೆಯಿದೆ. ಒಂದು ವಿಷಯ ಗಮನಿಸಿ: ಆ ಪರೀಕ್ಷೆಯಲ್ಲಿ ಮಾತಾಡಿಸಿ ನೋಡುವ ಭಾಗವೇ ಇಲ್ಲ, ಪ್ರಬಂಧ ಬರೆಸುವುದೂ ಇಲ್ಲ. ಎನ್2 ಪ್ರಮಾಣಪತ್ರ ಕೈಯಲ್ಲಿದ್ದೂ ತರಗತಿಯಲ್ಲಿ ಬಾಯಿ ಕಟ್ಟುವುದು ಸಾಧ್ಯ. ಮಾತಿನ ಅಭ್ಯಾಸವನ್ನು ನೀವೇ ಬೇರೆಯಾಗಿ ಮಾಡಿಕೊಳ್ಳಬೇಕು.

ಎರಡನೆಯದು ಪದವಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್ ಮುಂತಾದ ಕಡೆ ಭಾಷೆ ಚೆನ್ನಾಗಿ ಕಲಿಯಬಹುದು, ಆದರೆ ಪ್ರಮಾಣಪತ್ರ ಪದವಿಗೆ ಸಮವಲ್ಲ. ಕಾಲೇಜಿನಲ್ಲಿ ಕಲಿಸಲು ಆ ಭಾಷೆಯ ಎಂ.ಎ. ಬೇಕು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಮತ್ತು ದಿಲ್ಲಿಯ ಜೆಎನ್‌ಯು ಇದಕ್ಕೆ ಹೆಸರಾದ ಜಾಗಗಳು. ಶಾಲೆಯಲ್ಲಿ ಕಾಯಂ ಆಗಬೇಕಾದರೆ ಎರಡು ವರ್ಷದ ಬಿ.ಎಡ್. ಬೇಕು. ಇಲ್ಲಿ ಒಂದು ತೊಡಕಿದೆ. ನಮ್ಮ ಬಿ.ಎಡ್. ಕಾಲೇಜುಗಳಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಬೋಧನಾ ವಿಧಾನದ ಪತ್ರಿಕೆಗಳಿರುತ್ತವೆ. ಫ್ರೆಂಚ್, ಜರ್ಮನ್ ಬೋಧನೆಯ ಪತ್ರಿಕೆ ಸಿಗುವುದು ಕಷ್ಟ. ಹಾಗಾಗಿ ಬೇರೆ ಭಾಷೆಯ ವಿಧಾನದಲ್ಲಿ ಬಿ.ಎಡ್. ಮಾಡಿ, ವಿದೇಶಿ ಭಾಷೆಯ ಬೋಧನಾ ತರಬೇತಿಯನ್ನು ಮ್ಯಾಕ್ಸ್ ಮುಲ್ಲರ್ ಭವನದಂಥ ಸಂಸ್ಥೆಗಳಲ್ಲಿ ಪ್ರತ್ಯೇಕವಾಗಿ ಪಡೆಯುವುದು ಹಲವರು ಹಿಡಿಯುವ ದಾರಿ.

ಮೂರನೆಯದೇ ಬೋಧನೆಯ ವಿದ್ಯೆ. ಇದರ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೆ ದೊಡ್ಡ ಜಾಗವಿದೆ, ಅದು ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಭಾಷೆ ಕಲಿಸುವುದೆಂದರೆ ವ್ಯಾಕರಣ ಬಾಯಿಪಾಠ, ಅನುವಾದ ಬರೆಸುವುದು. 1882ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೀಟರ್ ಈ ಕ್ರಮವನ್ನೇ ತಿರುವಿಹಾಕಬೇಕೆಂದು ಕಿರುಹೊತ್ತಿಗೆ ಬರೆದ. ಆಮೇಲೆ ಬಂದ, ಕಲಿಯುವ ಭಾಷೆಯಲ್ಲೇ ಕಲಿಸುವ ನೇರ ವಿಧಾನ, ಮಾದರಿ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಸುವ ವಿಧಾನ ಎಲ್ಲವೂ ಪಶ್ಚಿಮದಿಂದಲೇ ಬಂದವು. 1979ರಿಂದ 1984ರವರೆಗೆ ಮಾತ್ರ ಗಾಳಿ ಈ ಕಡೆಯಿಂದ ಬೀಸಿತು. ಎನ್. ಎಸ್. ಪ್ರಭು ಅವರು ಬೆಂಗಳೂರು, ಮದರಾಸು ಮುಂತಾದ ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾ ಬೋಧಕರು ಅದನ್ನು ಇವತ್ತಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಇಂಗ್ಲಿಷ್ ತರಗತಿಯಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಅಥವಾ ಊರಿನ ನಕ್ಷೆ ಇಟ್ಟರು. ಇಷ್ಟು ಗಂಟೆಗೆ ಅಲ್ಲಿ ಇರಬೇಕಾದರೆ ಯಾವ ರೈಲು ಹಿಡಿಯಬೇಕು? ಅದನ್ನು ಬಿಡಿಸಲು ಮಕ್ಕಳು ಇಂಗ್ಲಿಷಿನಲ್ಲೇ ಯೋಚಿಸಬೇಕಾಯಿತು. ಮನಸ್ಸು ಅರ್ಥದ ಮೇಲೆ ನಿಂತಾಗ ವ್ಯಾಕರಣ ತಾನಾಗಿ ಕೂಡುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಈ ಅನುಭವ ಪುಸ್ತಕವಾಗಿ ಬಂತು. ಇಂದು ಎಲ್ಲೆಡೆ ನಡೆಯುವ, ಕೆಲಸ ಕೊಟ್ಟು ಭಾಷೆ ಕಲಿಸುವ ಪದ್ಧತಿಯ ಬುನಾದಿಗಳಲ್ಲಿ ಅದೊಂದು.

ಪ್ರಭು 1990ರಲ್ಲಿ ಬರೆದ ಇನ್ನೊಂದು ಲೇಖನ, ಈ ವೃತ್ತಿಗೆ ಬರುವವರು ಓದಲೇಬೇಕಾದದ್ದು. ಎಲ್ಲರಿಗೂ ಒಗ್ಗುವ ಶ್ರೇಷ್ಠ ವಿಧಾನ ಯಾವುದೂ ಇಲ್ಲ, ತಾನು ಮಾಡುತ್ತಿರುವುದರಿಂದ ಕಲಿಕೆ ಆಗುತ್ತಿದೆ ಎಂಬ ಜೀವಂತ ನಂಬಿಕೆ ಬೋಧಕರಲ್ಲಿರಬೇಕು ಎಂಬುದು ಅದರ ವಾದ. ತಮ್ಮದೇ ಪ್ರಯೋಗದಿಂದ ಹೆಸರು ಪಡೆದವರು ಹೀಗೆ ಬರೆದರು ಎಂಬುದನ್ನು ನೆನಪಿಡಿ. ತರಬೇತಿಯಲ್ಲಿ ಕೊಡುವ ವಿಧಾನಗಳನ್ನು ಕಲಿಯಿರಿ, ಯಾವುದಕ್ಕೂ ಗುಲಾಮರಾಗಬೇಡಿ.

ಈಗ ಉದ್ಯೋಗದ ಮಾತು. ಶಾಲೆಗಳಿಂದ ಶುರು ಮಾಡೋಣ. ಕೇಂದ್ರೀಯ ವಿದ್ಯಾಲಯದ ಟಿಜಿಟಿ (ತರಬೇತಾದ ಪದವೀಧರ ಶಿಕ್ಷಕ) ಹುದ್ದೆಯ ಆರಂಭದ ಮೂಲವೇತನ ಏಳನೇ ವೇತನ ಆಯೋಗದ ಪ್ರಕಾರ 44,900 ರೂಪಾಯಿ. ಆದರೆ ವಿದೇಶಿ ಭಾಷೆಗೆ ಇಂಥ ಕಾಯಂ ಹುದ್ದೆ ವಿರಳ. 2011ರಲ್ಲಿ ಆದ ಒಪ್ಪಂದದಂತೆ ಕೇಂದ್ರೀಯ ವಿದ್ಯಾಲಯಗಳಲ್ಲಿ ಜರ್ಮನ್ ಮೂರನೆಯ ಭಾಷೆಯಾಗಿತ್ತು. 2014ರ ನವೆಂಬರಿನಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ, ಆ ಜಾಗಕ್ಕೆ ಸಂಸ್ಕೃತ ಬಂತು. ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತು ಬೇಡ. ಭಾಷಾ ಶಿಕ್ಷಕರ ಕೆಲಸ ಸರ್ಕಾರದ ಭಾಷಾ ನೀತಿಗೆ ಕಟ್ಟಿಕೊಂಡಿದೆ ಎಂಬುದು ಅದರಿಂದ ತಿಳಿಯಬೇಕಾದ ಪಾಠ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳಾಗಿ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಭಾಷೆಗಳ ಹೆಸರು ಹೇಳಿದೆ. ಅದನ್ನು ನೇಮಕಾತಿ ಆದೇಶವೆಂದು ಓದಿಕೊಳ್ಳಬೇಡಿ.

ಕಾಲೇಜು, ವಿಶ್ವವಿದ್ಯಾಲಯಗಳಿಗೆ ಎಂ.ಎ. ಜೊತೆಗೆ ನೆಟ್ ಅಥವಾ ಪಿಎಚ್.ಡಿ. ಬೇಕು. ಫ್ರೆಂಚ್, ಜರ್ಮನ್, ಜಪಾನಿ, ಚೀನಿ, ಸ್ಪ್ಯಾನಿಷ್, ರಷ್ಯನ್ ಎಲ್ಲದಕ್ಕೂ ಯುಜಿಸಿ ನೆಟ್ ಇದೆ. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700. ಹುದ್ದೆಗಳು ಕಡಿಮೆ, ಅತಿಥಿ ಉಪನ್ಯಾಸಕರಾಗಿ ಕಾಯುವ ಕಾಲ ದೀರ್ಘ.

ಕೆಲಸ ನಿಜವಾಗಿ ಹೆಚ್ಚುತ್ತಿರುವುದು ಮೂರನೆಯ ಕಡೆ: ಹೊರದೇಶಕ್ಕೆ ದುಡಿಯಲು ಹೋಗುವವರಿಗೆ ಭಾಷೆ ಕಲಿಸುವುದರಲ್ಲಿ. ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾಗಳನ್ನು 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಜಪಾನ್ ಕೂಡ 2021ರಲ್ಲಿ ಭಾರತದೊಡನೆ ಇಂಥದ್ದೇ ಒಡಂಬಡಿಕೆ ಮಾಡಿಕೊಂಡಿದೆ. ಮಂಗಳೂರಿನ ನರ್ಸಿಂಗ್ ಪದವೀಧರೆಯೊಬ್ಬಳು ಜರ್ಮನಿಗೆ ಹೋಗಬೇಕಾದರೆ ಮೊದಲು ಭಾಷಾ ಪರೀಕ್ಷೆ ಪಾಸಾಗಬೇಕು. ಮೊಬೈಲ್ ಆ್ಯಪ್ ಇವಳಿಗೆ ಪದ ಕಲಿಸೀತು. ರೋಗಿಯ ಗಾಬರಿಯ ಮಾತನ್ನು ಅರ್ಥಮಾಡಿಕೊಳ್ಳುವುದನ್ನು, ಪಾಳಿ ಬದಲಾಗುವಾಗ ವರದಿ ಒಪ್ಪಿಸುವುದನ್ನು ಎದುರು ನಿಂತು ತಿದ್ದುವವರು ಬೇಕು. ಭಾಷೆಯ ಜೊತೆ ಆಸ್ಪತ್ರೆ, ಹೋಟೆಲ್ ಅಥವಾ ಕಾರ್ಖಾನೆಯ ವ್ಯವಹಾರ ತಿಳಿದ ಬೋಧಕರಿಗೆ ಇಲ್ಲಿ ಬೆಲೆ ಹೆಚ್ಚು.

ಹೊರದೇಶದಲ್ಲೂ ಬಾಗಿಲುಗಳಿವೆ. ಇಂಗ್ಲೆಂಡಿನಲ್ಲಿ 2004ರಿಂದ ಹದಿನಾಲ್ಕು ದಾಟಿದ ಮಕ್ಕಳಿಗೆ ವಿದೇಶಿ ಭಾಷೆ ಕಡ್ಡಾಯವಲ್ಲ. ಆಮೇಲೆ ಓದುವವರು ಕಡಿಮೆಯಾಗಿ, ಕಲಿಸುವವರ ಕೊರತೆಯೂ ಬಂತು. 2023ರಿಂದ ಭಾರತದಲ್ಲಿ ಅರ್ಹತೆ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಅಲ್ಲಿನ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕಬಹುದು. ಬಿ.ಎಡ್. ಬಿಡಬೇಡಿ ಎಂದು ಹೇಳಲು ಇದೂ ಒಂದು ಕಾರಣ.

ಕೊನೆಗೆ ಮನೆಬಾಗಿಲಿನ ಅವಕಾಶ. 2015ರ ಕನ್ನಡ ಕಲಿಕೆ ಕಾಯ್ದೆಯಿಂದ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯ. ಮನೆಯಲ್ಲಿ ಮರಾಠಿ, ತೆಲುಗು, ಹಿಂದಿ ಆಡುವ ಮಗುವಿಗೆ ಹಳಗನ್ನಡ ಓದಿದ ಮೇಷ್ಟ್ರು ಪಾಠ ಮಾಡುವಾಗ ಇಬ್ಬರಿಗೂ ಸಂಕಟ. ಇಂಥ ಕೆಲಸಕ್ಕೆ ನಮ್ಮಲ್ಲಿ ದಾರಿಯಿಲ್ಲವೆಂದಲ್ಲ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ ಕಲಿತು ಹೋಗುತ್ತ ಬಂದಿದ್ದಾರೆ. ಅಷ್ಟು ವರ್ಷದ ಅನುಭವ ನಮ್ಮ ರಾಜ್ಯದಲ್ಲೇ ಇದೆ. ಅದನ್ನು ಬಳಸಿಕೊಳ್ಳುವ ಕನ್ನಡ ಎಂ.ಎ. ಪದವೀಧರರು ಬೇಕಾಗಿದ್ದಾರೆ.

ಪದವಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಕಿರಿಯ ಮಿತ್ರರಿಗೆ ನನ್ನ ಸಲಹೆ: ಫೀ ಕಟ್ಟುವ ಮೊದಲು ಒಬ್ಬ ಒಳ್ಳೆಯ ಬೋಧಕರ ತರಗತಿಯಲ್ಲಿ ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಅವರು ಎಷ್ಟು ಮಾತಾಡಿದರು ಎಂದಲ್ಲ, ಕಲಿಯುವವರಿಂದ ಎಷ್ಟು ಮಾತಾಡಿಸಿದರು ಎಂದು ಲೆಕ್ಕ ಹಾಕಿ. ಆ ಕೆಲಸ ನಿಮಗೆ ಇಷ್ಟವಾದರೆ ಮುಂದುವರಿಯಿರಿ. ಭಾಷೆ ಮಾತ್ರ ಇಷ್ಟವಾದರೆ ಅನುವಾದ, ಪ್ರವಾಸೋದ್ಯಮ, ಕಂಪನಿ ಕೆಲಸಗಳೂ ಇವೆ.

ಸಂಘಕ್ಕೂ ಒಂದು ಕೋರಿಕೆ. ಈ ಸಭಾಂಗಣ ವಾರದಲ್ಲಿ ಬಹಳ ದಿನ ಖಾಲಿ ಇರುತ್ತದೆ. ಕನ್ನಡ ಕಲಿಯಬೇಕೆನ್ನುವವರು ಸುತ್ತಲಿನ ಬಡಾವಣೆಗಳಲ್ಲೇ ಇದ್ದಾರೆ, ಕಲಿಸುವುದನ್ನು ಅಭ್ಯಾಸ ಮಾಡಬೇಕಾದವರು ಈ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಅನುಭವಿ ಮೇಷ್ಟ್ರೊಬ್ಬರ ಮೇಲ್ವಿಚಾರಣೆಯಲ್ಲಿ ಭಾನುವಾರದ ಒಂದು ತರಗತಿ ಶುರು ಮಾಡಿ. ಬಿ.ಎಡ್. ಸೇರುವ ಮೊದಲೇ ನಮ್ಮ ಹುಡುಗ ಹುಡುಗಿಯರಿಗೆ ‘ಕೊಡಿದೆ’ ಎನ್ನುವ ವಿದ್ಯಾರ್ಥಿಯ ಪರಿಚಯವಾಗಲಿ.