ಒಂದೇ ಮನೆಯಲ್ಲಿ ಹಲವು ಸಂಸಾರ: ಹಳೆಯ ಕಂಪ್ಯೂಟರಿನ ಹೊಸ ಪಾಠ

(ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹಲವು ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಗೆ ಬೀಗವಿರುತ್ತದೆ. ಬೀಗ ತೆಗೆದ ದಿನವೂ ಮಕ್ಕಳು ಕೇಳುವ ಮೊದಲ ಮಾತು "ಮುಟ್ಟಬೇಡ, ಕೆಟ್ಟೀತು" ಎಂಬುದು. ನೀರಿಗಿಳಿಯದೆ ಈಜು ಕಲಿತವರುಂಟೇ? ಮಕ್ಕಳು ಕೆಡಿಸಿದರೂ ಮರುಕ್ಷಣವೇ ಸರಿಹೋಗುವ ಕಂಪ್ಯೂಟರ್ ಕೊಡಬಹುದೇ? ಕೊಡಬಹುದು. ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸದಿಂದ ನಾನು ಕಂಡುಕೊಂಡ ಮಾತಿದು.

ಇದರ ಹೆಸರು ವರ್ಚುವಲೈಸೇಶನ್. ಒಂದೇ ದೊಡ್ಡ ಮನೆಯಲ್ಲಿ ನಾಲ್ಕು ಸಂಸಾರಗಳು ಬೇರೆ ಬೇರೆ ಒಲೆ ಹೂಡಿದಂತೆ, ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳು ನಡೆಯುತ್ತವೆ. ಇದು ಹೊಸದೇನಲ್ಲ. ಐಬಿಎಂ ಸಂಸ್ಥೆ 1972ರಲ್ಲೇ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬ ವ್ಯವಸ್ಥೆ ಕೊಟ್ಟಿತ್ತು. 2007ರಲ್ಲಿ ವರ್ಚುವಲ್‌ಬಾಕ್ಸ್ ಉಚಿತವಾಗಿ ದೊರೆತ ಮೇಲೆ ಅದು ನಮ್ಮಂಥವರ ಮೇಜಿಗೂ ಬಂತು.

ಮೊದಲು ಯಂತ್ರವನ್ನು ಸಿದ್ಧಗೊಳಿಸಿ. ವಿದ್ಯುತ್ ತೆಗೆದು ಧೂಳು ಒರೆಸಿ. ಗಡಿಯಾರ ಪದೇ ಪದೇ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಬದಲಿಸಿ. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ವೇಗ ಬಹಳ ಹೆಚ್ಚುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ಎರಡು ಚಿಕ್ಕ ವರ್ಚುವಲ್ ಯಂತ್ರಗಳಿಗೆ ಸಾಕು. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯವನ್ನು ಚಾಲನೆಗೊಳಿಸಲು ಮರೆಯಬೇಡಿ.

ನಂತರ ಉಚಿತ ಲಿನಕ್ಸ್ ಹಾಕಿ, "ಸ್ನ್ಯಾಪ್‌ಶಾಟ್" ತೆಗೆದಿಡಿ. ಮಗು ಫೈಲುಗಳನ್ನೆಲ್ಲ ಅಳಿಸಿದರೂ ಸ್ನ್ಯಾಪ್‌ಶಾಟಿಗೆ ಮರಳಿದರಾಯಿತು, ಯಂತ್ರ ಮೊದಲಿನಂತಾಗುತ್ತದೆ. ಬೈಗುಳವಿಲ್ಲ, ಮೆಕ್ಯಾನಿಕ್ ಖರ್ಚಿಲ್ಲ. ಆದರೆ ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿರುತ್ತದೆ. ಡಿಸ್ಕ್ ಸತ್ತರೆ ಅದೂ ಹೋಯಿತು. ಆದ್ದರಿಂದ ಮುಖ್ಯ ಕೆಲಸಗಳ ಪ್ರತಿ ಬೇರೆ ಡಿಸ್ಕಿನಲ್ಲಿರಲಿ.

ಇನ್ನೊಂದು ಉಪಯೋಗ ಉರ್ದು-ಕನ್ನಡ ಶಿಕ್ಷಕರಿಗೆ ಬಹಳ ಮುಖ್ಯ. ಹಳೆಯ ಇನ್‌ಪೇಜ್ ಮತ್ತು ನುಡಿಯಲ್ಲಿ ಬರೆದ ಎಷ್ಟೋ ಪ್ರಶ್ನೆಪತ್ರಿಕೆ, ಲೇಖನಗಳು ಯೂನಿಕೋಡ್‌ನಲ್ಲಿಲ್ಲ. ತಕ್ಕ ಫಾಂಟ್ ಇಲ್ಲದಿದ್ದರೆ ನುಡಿಯ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ನಿಮ್ಮಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿಯ ಪರವಾನಗಿ ಇದ್ದರೆ ಅದನ್ನು ವರ್ಚುವಲ್ ಯಂತ್ರದೊಳಗೆ ಹಾಕಿ, ಆ ಕಡತಗಳನ್ನು ತೆರೆದು ಮುದ್ರಿಸಿಕೊಳ್ಳಬಹುದು. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಕಂಪನಿಯ ಬೆಂಬಲ ನಿಂತಿದೆ. ಅದಕ್ಕೆ ಅಂತರಜಾಲದ ಸಂಪರ್ಕ ಕೊಡಲೇಬೇಡಿ. ಹಿರಿಯ ಉಸ್ತಾದರು ವರ್ಷಗಟ್ಟಲೆ ಬರೆದದ್ದು ನಮ್ಮ ಕೈಯಲ್ಲಿರುವ ಅಮಾನತ್. ತೆರೆಯಲಾಗದೆಂದು ಅದನ್ನು ಗುಜರಿಗೆ ಹಾಕುವುದು ಸರಿಯೇ?

ಸರ್ವರ್ ಎಂದರೂ ಹೆದರಬೇಕಿಲ್ಲ. ಬೇರೆ ಯಂತ್ರಗಳ ಸೇವೆಗೆ ನಿಂತ ಯಂತ್ರವೇ ಸರ್ವರ್. ಒಂದು ವರ್ಚುವಲ್ ಯಂತ್ರದಲ್ಲಿ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಕನ್ನಡ, ಉರ್ದು ವಿಕಿಪೀಡಿಯಗಳನ್ನು ತುಂಬಿಟ್ಟರೆ, ಅಂತರಜಾಲವಿಲ್ಲದ ದಿನವೂ ಕೋಣೆಯ ಎಲ್ಲ ಕಂಪ್ಯೂಟರುಗಳಲ್ಲಿ ಮಕ್ಕಳು ಓದಬಹುದು.

ಬಂಧುಗಳೇ, ಇಸ್ರಾಫ್ ಅಂದರೆ ದುಂದುವೆಚ್ಚ ನಮ್ಮ ದೀನ್ ಮೆಚ್ಚದ ಗುಣ. ನಿಮ್ಮ ಅಂಗಡಿ, ಕಚೇರಿಗಳಲ್ಲಿ ಮೂಲೆ ಸೇರಿದ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುನ್ನ ಹತ್ತಿರದ ಶಾಲೆಯನ್ನು ನೆನೆಯಿರಿ. ಶಿಕ್ಷಕರೇ, ಆ ಕೋಣೆಯ ಬೀಗ ತೆಗೆಯಿರಿ. ಹೆಣ್ಣುಮಕ್ಕಳ ಕೈಗೂ ಸ್ಕ್ರೂಡ್ರೈವರ್ ಕೊಡಿ. ಕಲಿಯುವ ಮತ್ತು ಕಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.