ಎರವಲೂ ದತ್ತಿಯೂ: ಉದ್ಯೋಗ ಕಚೇರಿಗಳ ಹಸ್ತಾಂತರ



ದತ್ತಿಯ ನೆಪದಲ್ಲಿ ನಾವಿಂದು ಕಲೆತಿರುವುದರಿಂದ ಆ ಮಾತಿನಿಂದಲೇ ತೊಡಗುವುದು ಉಚಿತ. ನಮ್ಮ ನಾಡಿನ ದಾನಶಾಸನಗಳು ಬಿಟ್ಟ ಭೂಮಿಯ ಚತುಸ್ಸೀಮೆಯನ್ನು ವಿವರಿಸುವಷ್ಟೇ ಶ್ರದ್ಧೆಯಿಂದ ಅದರ ಹುಟ್ಟುವಳಿ ಯಾವ ಧರ್ಮಕ್ಕೆ ಸಲ್ಲತಕ್ಕದ್ದೆಂಬುದನ್ನೂ ಹೇಳಿ, ಅಳುಪಿದವರಿಗೆ ಶಾಪವನ್ನೂ ಬರೆದಿಡುತ್ತವೆ. ಸ್ವತ್ತು ಕೈಬದಲಾದರೂ ಸಂಕಲ್ಪ ಬದಲಾಗಬಾರದೆಂಬ ಈ ವಿವೇಕವನ್ನು ದೂರದ ಅಮೆರಿಕದ ಒಂದು ಆಡಳಿತಪ್ರಸಂಗದಲ್ಲಿ ಒರೆಗೆ ಹಚ್ಚಿ ನೋಡುವುದು ನನ್ನ ಉದ್ದೇಶ.

1933ರ ಜೂನ್ 6ರಂದು ಅಲ್ಲಿ ವ್ಯಾಗ್ನರ್-ಪೈಸರ್ ಕಾಯಿದೆಗೆ ಅಂಕಿತ ಬಿದ್ದು, ಉದ್ಯೋಗ ಕಚೇರಿಗಳನ್ನು ನಡೆಸುವ ಭಾರ ರಾಜ್ಯಗಳಿಗೂ, ಧನಸಹಾಯ ಮತ್ತು ಮೇಲ್ವಿಚಾರಣೆ ಕೇಂದ್ರಕ್ಕೂ ಸೇರಿದುವು. ಪರ್ಲ್ ಹಾರ್ಬರಿನ ದಾಳಿಯಾದ ಕೆಲವೇ ದಿನಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ರಾಜ್ಯಪಾಲರನ್ನೆಲ್ಲ ಕೇಳಿಕೊಂಡ ಮೇರೆಗೆ, 1942ರ ಜನವರಿ 1ರಿಂದ ಆ ಕಚೇರಿಗಳು ನೌಕರರು, ಪೀಠೋಪಕರಣಗಳು, ದಫ್ತರಗಳ ಸಮೇತ ಕೇಂದ್ರದ ವಶವಾದುವು. ಯುದ್ಧ ಮುಗಿದೊಡನೆ ರಾಜ್ಯಗಳು ತಾವು ಕೊಟ್ಟುದು ಎರವಲೇ ಹೊರತು ದಾನವಲ್ಲವೆಂದುವು. ಸೈನ್ಯದಿಂದ ಬಿಡುಗಡೆಯಾಗಿ ಬರುವ ಲಕ್ಷಾಂತರ ಯೋಧರಿಗೆ ಕೆಲಸ ದೊರಕುವವರೆಗೆ ಕಚೇರಿಗಳ ಈ ಸರಪಣಿಯನ್ನು ತುಂಡರಿಸಬಾರದೆಂದು ಅಧ್ಯಕ್ಷ ಟ್ರೂಮನ್ನರು, ನೂರು ದಿನಗಳೊಳಗೆ ಹಿಂದಿರುಗಿಸಬೇಕೆಂಬ ಷರತ್ತನ್ನೊಳಗೊಂಡ ಮಸೂದೆಯನ್ನು 1945ರ ಡಿಸೆಂಬರಿನಲ್ಲಿ ತಡೆದರು. ಆದರೂ ಶಾಸನಸಭೆಯ ಪಟ್ಟೇ ಗೆದ್ದು, 1946ರ ನವೆಂಬರ್ 16ರಂದು ಕಚೇರಿಗಳು ರಾಜ್ಯಗಳಿಗೆ ಮರಳಿದುವು.

ಮರಳಿದ ಆಸ್ತಿಯಾದರೂ ಏನು? ಮೇಜು ಕುರ್ಚಿಗಳಿಗೆ ಬೆಲೆ ಕಟ್ಟಬಹುದು. ಆದರೆ ಸೆಳೆಖಾನೆಯಲ್ಲಿ ಸಾಲಾಗಿ ನಿಂತ ಕಾರ್ಡುಗಳಿಗೆ? ಒಬ್ಬ ಬೆಸುಗೆಗಾರನ ಹೆಸರು, ಅವನ ಅನುಭವ, ಅವನ ಕಸಬಿನ ಸಂಕೇತಸಂಖ್ಯೆ ಇಷ್ಟನ್ನೇ ಹೊತ್ತ ಆ ರಟ್ಟಿನ ಚೂರು ಹರಾಜಿನಲ್ಲಿ ಕಾಸೂ ಬಾಳದು. ಆದರೆ 1939ರಲ್ಲಿ ಪ್ರಕಟವಾದ ಉದ್ಯೋಗನಾಮಕೋಶದ ದೆಸೆಯಿಂದ ಆ ಸಂಖ್ಯೆಗೆ ಎಲ್ಲ ರಾಜ್ಯಗಳಲ್ಲಿಯೂ ಒಂದೇ ಅರ್ಥವಿದ್ದಿತು. ಕಪಾಟು ಒಂದು ರಾಜ್ಯದ್ದಾದರೂ ಅದರೊಳಗಣ ಭಾಷೆ ಇಡೀ ರಾಷ್ಟ್ರದ್ದು. ಕೇಂದ್ರದ ಅನುದಾನದಿಂದ ಕೊಂಡ ಕಚೇರಿಕಟ್ಟಡದ ಹಕ್ಕುಪತ್ರ ರಾಜ್ಯದ ಹೆಸರಿನಲ್ಲಿದ್ದರೂ ಮೌಲ್ಯದಲ್ಲಿ ಕೇಂದ್ರಕ್ಕೊಂದು ಪಾಲು ಉಳಿಯುವ ಪದ್ಧತಿಯೂ ಅಲ್ಲಿ ಬೆಳೆದುದು ಈ ಕಾರಣದಿಂದಲೇ ಅರ್ಥವತ್ತಾಗಿದೆ.

ನಮ್ಮಲ್ಲಿಯೂ ಈ ಕಥೆಯ ಪ್ರತಿಬಿಂಬವುಂಟು. ಯುದ್ಧದಿಂದ ಮರಳಿದವರಿಗಾಗಿ 1945ರಲ್ಲಿ ಕೇಂದ್ರವು ಕಟ್ಟಿದ ಉದ್ಯೋಗ ವಿನಿಮಯ ವ್ಯವಸ್ಥೆಯನ್ನು ಪರಿಶೀಲಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಮಂಗಳೂರಿನ ಬೆನಗಲ್ ಶಿವರಾಯರು. ಆ ಸಮಿತಿಯ ಶಿಫಾರಸಿನಂತೆ ವಿನಿಮಯ ಕಚೇರಿಗಳ ದೈನಂದಿನ ಆಡಳಿತ ರಾಜ್ಯಗಳಿಗೆ ಬಂದುದು 1956ರ ನವೆಂಬರ್ 1ರಂದು, ಕನ್ನಡನಾಡು ಒಂದಾದ ದಿನವೇ. ನೀತಿ ಮತ್ತು ಮಾನದಂಡಗಳು ಕೇಂದ್ರದಲ್ಲಿಯೇ ಉಳಿದುವು. ಹುಬ್ಬಳ್ಳಿಯಲ್ಲಿ ಹೆಸರು ಬರೆಸಿದವನಿಗೆ ಮುಂಬಯಿಯಲ್ಲಿ ಕೆಲಸವಿರಬಹುದಾದುದರಿಂದ, ಅದು ಹಾಗೆಯೇ ಆಗಬೇಕಾಗಿದ್ದಿತು.

ಅಮೆರಿಕದ ರಾಜ್ಯಗಳು ಎರವಲೆಂದು ಮರಳಿ ಕೇಳಿದುದು ನ್ಯಾಯವೇ. ಕೆಲಸವಿಲ್ಲದವನ ಮನೆಗೆ ಹತ್ತಿರವಿರುವುದು ಅವುಗಳ ಬಾಗಿಲಲ್ಲವೆ? ಆದರೆ ಎರವಲಾಗಿ ಹೋದುದು ಮರಳಿ ಬರುವಾಗ ದತ್ತಿಯಾಗಿ ಬಂದಿತೆಂಬುದನ್ನು ಅವು ಮರೆಯಲಾಗದು. ಇಲ್ಲಿ ಶಾಪಾಶಯವನ್ನು ಕೆತ್ತುವ ಕಲ್ಲಿಲ್ಲ. ತಿರುವಿ ನೋಡುವವರಿಲ್ಲದೆ ಸೆಳೆಖಾನೆಯಲ್ಲಿ ಹಳದಿಯಾಗುವ ಒಂದು ಕಾರ್ಡು ಆ ಕಲ್ಲಿನ ಕೆಲಸವನ್ನು ಮಾಡುತ್ತದೆ.